ರಾತ್ರಿ ಎರಡಕ್ಕೆ ಫೋನ್ ಎತ್ತುವ ಸೀನಿಯರ್

ಸಾಂಕ್ರಾಮಿಕ ರೋಗ ಜೋರಾದಾಗ ಕಿರಿಯ ವೈದ್ಯರಿಗೆಂದೇ ಒಂದು ವೆಬಿನಾರ್ ಏರ್ಪಾಡಾಗುತ್ತದೆ. ವಿಷಯ ಒತ್ತಡ ನಿರ್ವಹಣೆ. ಆಳವಾಗಿ ಉಸಿರಾಡಿ, ಒಳ್ಳೆಯದನ್ನೇ ಯೋಚಿಸಿ, ಚೆನ್ನಾಗಿ ನಿದ್ದೆ ಮಾಡಿ. ಅದನ್ನು ಇಡುವುದು ಮಾತ್ರ ನೈಟ್ ಡ್ಯೂಟಿ ಮುಗಿಸಿದವರು ಮಲಗುವ ಹೊತ್ತಿಗೆ. ಹಾಜರಿ ಬೇರೆ ಕಡ್ಡಾಯ!

ಉಸಿರಾಟದ ವ್ಯಾಯಾಮದ ಮೇಲೆ ನನಗೆ ಸಿಟ್ಟಿಲ್ಲ. ಕೆಲವರಿಗೆ ಅದರಿಂದ ನಿಜಕ್ಕೂ ಹಗುರ ಅನ್ನಿಸುತ್ತದೆ. ಆದರೆ ಕಲಿಯುತ್ತಿರುವ ಡಾಕ್ಟರ ಒತ್ತಡ ಎಲ್ಲಿಂದ ಹುಟ್ಟುತ್ತದೆ ಅಂತ ಯಾರೂ ಕೇಳುವುದೇ ಇಲ್ಲ. ಸಾವು ನೋಡಿ ಅಂತಾರೆ, ಸೋಂಕಿನ ಭಯ ಅಂತಾರೆ. ಎರಡೂ ಇರುತ್ತವೆ, ಸುಳ್ಳಲ್ಲ. ಆದರೆ ಅವು ಹಿರಿಯ ವೈದ್ಯರಿಗೂ ಇವೆ, ನರ್ಸ್‌ಗಳಿಗೂ ಇವೆ. ಕಲಿಯುವವರಿಗಷ್ಟೇ ಇರುವ ಸಂಕಟ ಬೇರೆ.

ಇಂಟರ್ನ್ ಅಥವಾ ರೆಸಿಡೆಂಟ್ ಅಂದರೆ ಅರ್ಧ ವಿದ್ಯಾರ್ಥಿ, ಅರ್ಧ ನೌಕರ. ಕಷ್ಟಕಾಲ ಬಂದ ಕೂಡಲೇ ಆ ವಿದ್ಯಾರ್ಥಿಯ ಅರ್ಧ ಮಾಯವಾಗುತ್ತದೆ. ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ತುರ್ತಲ್ಲದ ಆಪರೇಷನ್‌ಗಳು ನಿಲ್ಲುತ್ತವೆ. ಮೂಳೆ ಶಸ್ತ್ರಚಿಕಿತ್ಸೆ ಕಲಿಯಲು ಬಂದವರು ಬೆಳಗಿನಿಂದ ಸಂಜೆವರೆಗೆ ರೋಗಿಗಳ ಸ್ಯಾಚುರೇಶನ್ (ರಕ್ತದ ಆಮ್ಲಜನಕದ ಮಟ್ಟ) ಬರೆದುಕೊಳ್ಳುತ್ತಾ ಓಡಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಇಟಲಿ ಹೊಸ ವೈದ್ಯರ ಅರ್ಹತಾ ಪರೀಕ್ಷೆಯನ್ನೇ ಕೈಬಿಟ್ಟು ಅವರನ್ನು ಸೀದಾ ಕೆಲಸಕ್ಕೆ ತೆಗೆದುಕೊಂಡಿತು. ಬ್ರಿಟನ್ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಅವಧಿಗೆ ಮೊದಲೇ ನೋಂದಣಿ ಕೊಟ್ಟಿತು. ಆಗ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಆದರೆ ಹಾಗೆ ಬಂದವರು ಕಾಯಿಲೆಯ ಜೊತೆಗೆ 'ನನಗೆ ಇದು ಬರುತ್ತಾ?' ಅನ್ನುವ ಪ್ರಶ್ನೆಯನ್ನೂ ಹೊತ್ತುಕೊಂಡೇ ವಾರ್ಡಿಗೆ ಕಾಲಿಟ್ಟರು.

ನಾನು ರೆಸಿಡೆಂಟ್ ಆಗಿದ್ದು ಕೋವಿಡ್ ಕಾಲದಲ್ಲೇ. ನಾವು ಹೇಗೆ ತಡೆದುಕೊಂಡೆವು ಅಂದರೆ, ಚೆಂದದ ಉತ್ತರ ನನ್ನ ಹತ್ತಿರ ಇಲ್ಲ. ಡ್ಯೂಟಿ ರೂಮಿನಲ್ಲಿ ಹೊರಗಿನವರು ಕೇಳಿದರೆ ಬೆಚ್ಚಿಬೀಳುವಂಥ ಜೋಕ್ ಹೊಡೆದು ನಗುತ್ತಿದ್ದೆವು. ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ನಡುರಾತ್ರಿ ಯಾರೋ ಸುಮ್ನೆ ಒಂದು ಚುಕ್ಕಿ ಕಳಿಸಿದರೂ ಸಾಕು, ಎದ್ದಿದ್ದವರು ಉತ್ತರ ಕೊಡುತ್ತಿದ್ದರು. ಪಿಪಿಇ ಕಿಟ್ ಬಿಚ್ಚುವ ಕೋಣೆಯಲ್ಲಿ ಅತ್ತವರಿದ್ದಾರೆ. ಮನೆಗೆ ಫೋನ್ ಮಾಡಿ ಎಲ್ಲಾ ಚೆನ್ನಾಗಿದೆ ಅಂತ ಸುಳ್ಳು ಹೇಳದವರೇ ಇರಲಿಲ್ಲ. ಕೆಲವರು ತಾವೇ ನಿದ್ದೆ ಮಾತ್ರೆ ಬರೆದುಕೊಂಡರು. ಔಷಧಿ ಕೈಗೆಟಕುವ ಕೆಲಸ ನಮ್ಮದು, ಈ ಅಪಾಯದ ಬಗ್ಗೆ ಯಾವ ವೆಬಿನಾರಿನಲ್ಲೂ ನಾನು ಕೇಳಲಿಲ್ಲ. ಇನ್ನು ಕೆಲವರು ರೋಗಿಯನ್ನು ಬೆಡ್ ನಂಬರಿನಿಂದಲೇ ಕರೆಯಲು ಶುರುಮಾಡಿದರು. ಬರ್ನ್‌ಔಟ್ (ಕೆಲಸದ ಒತ್ತಡಕ್ಕೆ ಮನಸ್ಸು ಬಳಲಿಹೋಗುವುದು) ಅಳೆಯುವ ಮಾಸ್ಲಾಕ್ ಪ್ರಶ್ನಾವಳಿ 1981ರಿಂದಲೂ ಇದೆ. ಅದು ನೋಡುವ ಮೂರು ವಿಷಯಗಳಲ್ಲಿ ಇದೂ ಒಂದು: ಎದುರಿಗಿರುವ ಮನುಷ್ಯ ಮನುಷ್ಯನಂತೆ ಕಾಣದಿರುವುದು. ಹೊರಗಿನಿಂದ ನೋಡಿದರೆ ಹುಡುಗ ಗಟ್ಟಿಯಾಗಿದ್ದಾನೆ ಅನ್ನಿಸುತ್ತದೆ. ಅಸಲಿಗೆ ಬತ್ತಿಹೋಗಿರುತ್ತಾನೆ.

ಇಷ್ಟರ ನಡುವೆಯೂ ಒಂದು ವಾರ್ಡಿನವರು ಕುಸಿದರು, ಪಕ್ಕದ ವಾರ್ಡಿನವರು ನಿಂತರು. ರೋಗಿಗಳು ಅದೇ ಥರದವರು, ಸಾವುಗಳೂ ಅಷ್ಟೇ. ನಾನು ಕಂಡ ಮಟ್ಟಿಗೆ ವ್ಯತ್ಯಾಸ ಇದ್ದದ್ದು ಒಂದೇ ಕಡೆ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಸೀನಿಯರ್ ಎತ್ತುತ್ತಾರಾ? ಎತ್ತಿದ ಮೇಲೆ 'ಇಷ್ಟಕ್ಕೆಲ್ಲಾ ಫೋನ್ ಮಾಡ್ತೀಯಾ?' ಅಂತಾರಾ, 'ಬರ್ತಾ ಇದೀನಿ' ಅಂತಾರಾ?

ವೆಂಟಿಲೇಟರ್ ಒಂದೇ ಉಳಿದಿದೆ, ರೋಗಿಗಳು ಇಬ್ಬರು. ಈ ತೀರ್ಮಾನವನ್ನು ಕೆಲಸಕ್ಕೆ ಸೇರಿ ವರ್ಷ ತುಂಬದವರ ತಲೆಗೆ ಕಟ್ಟಬಾರದು. ಕಟ್ಟಿದರೆ ಆಮೇಲೆ ಯಾವ ಧ್ಯಾನವೂ ಅದನ್ನು ಇಳಿಸುವುದಿಲ್ಲ. ಹಿರಿಯರು ಬಂದು, ಕೇಸ್ ಶೀಟಿನಲ್ಲಿ ತಮ್ಮ ಹೆಸರು ಬರೆದು, 'ಇದು ನನ್ನ ನಿರ್ಧಾರ' ಅಂದರೆ ಆ ಕಿರಿಯ ಡಾಕ್ಟರ್ ಮರುದಿನ ಡ್ಯೂಟಿಗೆ ಬರಬಲ್ಲರು.

ಇದೇನೂ ಹೊಸ ಮಾತಲ್ಲ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬಿ ಜಾಯನ್ ಎಂಬ 18 ವರ್ಷದ ಹುಡುಗಿ ತೀರಿಕೊಂಡಳು. ರಾತ್ರಿ ಅವಳನ್ನು ನೋಡಿಕೊಂಡಿದ್ದವರು ಕಿರಿಯ ವೈದ್ಯರು. ಅದರ ನಂತರ ಬಂದ ಬೆಲ್ ಆಯೋಗದ ಶಿಫಾರಸಿನ ಮೇಲೆ ನ್ಯೂಯಾರ್ಕ್ ರಾಜ್ಯ 1989ರಲ್ಲಿ ನಿಯಮ ತಂದಿತು: ವಾರಕ್ಕೆ 80 ಗಂಟೆ, ಒಮ್ಮೆಗೆ 24 ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ಜಗತ್ತು ನೆನಪಿಟ್ಟುಕೊಂಡದ್ದು ಆ 80ನ್ನು. ಕಿರಿಯರ ಮೇಲೆ ಅನುಭವಿ ವೈದ್ಯರ ಮೇಲ್ವಿಚಾರಣೆ ಬಿಗಿಯಾಗಬೇಕು ಅಂತಲೂ ಅದೇ ಆಯೋಗ ಹೇಳಿತ್ತು. ಆ ಅರ್ಧವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಗಂಟೆ ಎಣಿಸುವುದು ಸುಲಭ, ಹಿರಿಯರನ್ನು ರಾತ್ರಿ ಹಾಸಿಗೆಯಿಂದ ಎಬ್ಬಿಸುವುದು ಕಷ್ಟ ಅಲ್ವಾ?

ಗಂಟೆ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ಸತತ 24 ಗಂಟೆ ಎದ್ದಿದ್ದರೆ ಕೈ, ಕಣ್ಣಿನ ಚುರುಕು ರಕ್ತದಲ್ಲಿ 0.10% ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರ ಒಂದು ಪ್ರಯೋಗ ತೋರಿಸಿತು. ಅಷ್ಟು ಕುಡಿದವರಿಗೆ ಯಾರೂ ಕಾರಿನ ಕೀ ಕೊಡುವುದಿಲ್ಲ. 2004ರಲ್ಲಿ ಪ್ರಕಟವಾದ, ಅಮೆರಿಕದ ಐಸಿಯುಗಳಲ್ಲಿ ಇಂಟರ್ನ್‌ಗಳ ಮೇಲೆ ನಡೆದ ಅಧ್ಯಯನದಲ್ಲಿ, ದೀರ್ಘ ಪಾಳಿಯ ಹಳೆ ರೋಸ್ಟರಿನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಗಂಭೀರ ತಪ್ಪುಗಳು ಸುಮಾರು 36% ಜಾಸ್ತಿ ಇದ್ದವು. ಹಾಗಾಗಿ ರೋಸ್ಟರ್ ಮಾಡುವವರು ನನ್ನ ಲೆಕ್ಕದಲ್ಲಿ ಮಾನಸಿಕ ಆರೋಗ್ಯದ ಕೆಲಸವನ್ನೇ ಮಾಡುತ್ತಿದ್ದಾರೆ, ಅವರಿಗೆ ಅದು ಗೊತ್ತಿರಲಿ ಬಿಡಲಿ.

'ಹಾಗಾದರೆ ಮಾತಾಡಿಸಿ, ಮನಸ್ಸು ಬಿಚ್ಚಿಸಿ' ಅನ್ನುವವರಿದ್ದಾರೆ. ಇಲ್ಲೂ ಸ್ವಲ್ಪ ಹುಷಾರು. ಆಘಾತ ಆದ ಕೂಡಲೇ ಎಲ್ಲರನ್ನೂ ಒಮ್ಮೆ ಕೂರಿಸಿ ಅನುಭವ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನುತ್ತದೆ. ಮಾತಾಡಬೇಕು ಅನ್ನಿಸಿದವರಿಗೆ ಕಿವಿ ಸಿಗಬೇಕು, ಬೇಡ ಅನ್ನಿಸಿದವರಿಗೆ ಬಿಡುವು ಸಿಗಬೇಕು. ಕೌನ್ಸೆಲಿಂಗ್‌ಗೆ ಹೋದ ವಿಷಯ ವಿಭಾಗದ ಮುಖ್ಯಸ್ಥರ ಕಿವಿಗೆ ಬೀಳುವುದಿಲ್ಲ ಅನ್ನುವ ಖಾತ್ರಿಯೂ ಬೇಕು. ಅದಿಲ್ಲದಿದ್ದರೆ ಯಾರೂ ಹೋಗುವುದಿಲ್ಲ. ನಾಳೆ ಅಂಕ ಹಾಕುವವರೂ ಅವರೇ ತಾನೇ?

ಇನ್ನೊಂದು ವಿಷಯ. ಅಲೆ ಜೋರಿದ್ದಾಗ ಬಹಳ ಜನ ಹೇಗೋ ಓಡಿಬಿಡುತ್ತಾರೆ. ಕುಸಿತ ಶುರುವಾಗುವುದು ವಾರ್ಡು ಖಾಲಿಯಾದ ಮೇಲೆ. 2003ರ ಸಾರ್ಸ್ (ಕೋವಿಡ್ ಥರದ್ದೇ ಉಸಿರಾಟದ ಸಾಂಕ್ರಾಮಿಕ ರೋಗ) ಮುಗಿದು 13ರಿಂದ 26 ತಿಂಗಳಾದ ಮೇಲೆ ಕೆನಡಾದ ಟೊರೊಂಟೊ ಭಾಗದ ಆಸ್ಪತ್ರೆ ಸಿಬ್ಬಂದಿಯನ್ನು ಸಂಶೋಧಕರು ಮಾತಾಡಿಸಿದರು. ಸಾರ್ಸ್ ರೋಗಿಗಳಿದ್ದ ಆಸ್ಪತ್ರೆಗಳವರಲ್ಲಿ ಬರ್ನ್‌ಔಟ್ ಆಗಲೂ ಜಾಸ್ತಿಯೇ ಇತ್ತು. ತಮಗೆ ಸರಿಯಾದ ತರಬೇತಿ, ಬೆಂಬಲ, ರಕ್ಷಣೆ ಸಿಕ್ಕಿತ್ತು ಅಂದವರು ಮಾತ್ರ ಇದ್ದುದರಲ್ಲಿ ಚೆನ್ನಾಗಿದ್ದರು. ಆದರೆ ನಮ್ಮಲ್ಲಿ ಬಹಳ ಸಲ ಕೇಸ್ ಇಳಿದ ಕೂಡಲೇ ಸಹಾಯವಾಣಿ ಮುಚ್ಚುತ್ತದೆ, ಮುಂದಿನ ತಿಂಗಳೇ ಪರೀಕ್ಷೆಯ ದಿನಾಂಕ ಬರುತ್ತದೆ. ಕನಿಷ್ಠ ಎರಡು ವರ್ಷ ಆ ಸಹಾಯವಾಣಿ ನಡೆಯಲಿ. ಪರೀಕ್ಷೆಗೆ ಮೊದಲು ತಪ್ಪಿಹೋದ ಕಲಿಕೆಗೆ ಸಮಯ ಕೊಡಿ. ಮತ್ತೆ, ದಯವಿಟ್ಟು, ವೆಬಿನಾರನ್ನು ಡ್ಯೂಟಿ ಸಮಯದಲ್ಲೇ ಇಡಿ. ಅಷ್ಟು ಹೊತ್ತು ವಾರ್ಡನ್ನು ಸೀನಿಯರ್‌ಗಳು ನೋಡಿಕೊಳ್ಳಲಿ.