ಮುಚ್ಚಳ ಬದಲಾಯಿತು, ಎಂಜಿನ್ ವಾಸಿಯಾಯಿತು

ಮಂಡಿ ಸವೆದವರಿಗೆ ಎಣ್ಣೆ ಹಚ್ಚಿ ಸಮಾಧಾನ ಹೇಳುವ ವಿದ್ಯೆ ನಮ್ಮ ಅಜ್ಜಿಯರಿಗಷ್ಟೇ ಗೊತ್ತು ಎಂದುಕೊಂಡಿದ್ದೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಗೂ ಅದು ಕರಗತವಾಗಿದೆ ಎಂಬುದು 2025ರ ಏಪ್ರಿಲ್‌ನಲ್ಲಿ ತಿಳಿಯಿತು. 6.2 ಲೀಟರಿನ ವಿ8 ಎಂಜಿನ್ ಹೊತ್ತ ಸಿಲ್ವರಾಡೊ, ಸಿಯೆರಾ ಪಿಕಪ್‌ಗಳನ್ನೂ ಅವುಗಳ ದಾಯಾದಿಗಳಾದ ದೊಡ್ಡ ಎಸ್‌ಯುವಿಗಳನ್ನೂ ಕಂಪನಿ ವಾಪಸು ಕರೆಸಿತು. ಆ ದೇಶವೊಂದರಲ್ಲೇ ಅವು ಸುಮಾರು 6 ಲಕ್ಷ. ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಅಳತೆ ತಪ್ಪಿತ್ತು, ಆಯಿಲ್ ಹರಿಯುವ ದಾರಿಯಲ್ಲಿ ಕಸ ಕೂತಿತ್ತು. ಹೀಗಾಗಿ ಹೆದ್ದಾರಿಯ ನಟ್ಟನಡುವೆ ಎಂಜಿನ್ ಬಿಗಿದುಕೊಂಡು ಸೀಜ್ ಆಗುತ್ತಿತ್ತು. ಕೆಲವೊಮ್ಮೆ ಆ ದಂಡಕ್ಕೆ ಪಿಸ್ಟನ್ ಜೋಡಿಸುವ ಕನೆಕ್ಟಿಂಗ್ ರಾಡ್, ಎಂಜಿನ್ನಿನ ಹೊರಮೈಯಾದ ಬ್ಲಾಕನ್ನೇ ತೂತು ಮಾಡಿಕೊಂಡು ಗಾಳಿ ಸೇವನೆಗೆ ಹೊರಬರುತ್ತಿತ್ತು. ಕಂಪನಿಯ ಕಡತದಲ್ಲಿದ್ದ ದೂರುಗಳು 28,102.

ತಪಾಸಣೆಯಲ್ಲಿ ಫೇಲಾದ ಎಂಜಿನ್‌ಗೆ ರಿಪೇರಿ ಅಥವಾ ಬದಲಿ ಎಂಜಿನ್ ಉಂಟು. ಪಾಸಾದದ್ದಕ್ಕೆ ಮಾತ್ರ ಅಜ್ಜಿಯ ಮದ್ದು: ತೆಳುವಾದ 0ಡಬ್ಲ್ಯು-20 ಬದಲು ಮಂದವಾದ 0ಡಬ್ಲ್ಯು-40 ಆಯಿಲ್, ಹೊಸ ಫಿಲ್ಟರ್, ಕೈಪಿಡಿಗೆ ಸೇರಿಸಲು ಒಂದು ಹಾಳೆ ಮತ್ತು ಆಯಿಲ್ ತುಂಬುವ ಬಾಯಿಗೆ ಹೊಸ ಮುಚ್ಚಳ. ಈ ಮುಚ್ಚಳ ನನಗೆ ಬಹಳ ಹಿಡಿಸಿತು. ಹಳೆಯದರ ಮೇಲೆ 20 ಎಂದು ಅಚ್ಚಾಗಿತ್ತಲ್ಲ, ಅದನ್ನು ಓದಿ ಕ್ರ್ಯಾಂಕ್‌ಶಾಫ್ಟ್ ಬೇಸರಪಟ್ಟುಕೊಂಡೀತೆಂಬ ಕಾಳಜಿ ಇರಬೇಕು.

ಒಪ್ಪದ ಮಾಲೀಕನಿಗೆ ಕಾನೂನಿದೆ. ನಾವು ಚಕ್ರದಡಿ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡಿಯೇ ಹೊಸ ಗಾಡಿಯನ್ನು ಶೋರೂಮಿನಿಂದ ಹೊರಡಿಸುತ್ತೇವೆ. ಅಮೆರಿಕದಲ್ಲಿ ಈ ಶಾಸ್ತ್ರವಿಲ್ಲದ ಕಾರಣ ಗಾಡಿಯೇ ನಿಂಬೆಹಣ್ಣಾಗುತ್ತದೆ (ಕೆಟ್ಟ ಗಾಡಿಗೆ ಅಲ್ಲಿನ ಆಡುಮಾತು ‘ಲೆಮನ್’), ಮತ್ತು ಆ ಹೆಸರಿನದೇ ಕಾನೂನು ರಾಜ್ಯರಾಜ್ಯಗಳಲ್ಲಿದೆ. ಆದರೆ ಅದರಡಿ ಹಣ ಮರಳಬೇಕಾದರೆ ಗಾಡಿ ಒಮ್ಮೆ ಕೆಟ್ಟರೆ ಸಾಲದು. ಸಾಮಾನ್ಯವಾಗಿ ಅದು ನಿಗದಿತ ಅವಧಿಯೊಳಗೆ, ಶಿಸ್ತಿನಿಂದ, ಪದೇಪದೇ ಕೆಡಬೇಕು ಮತ್ತು ಪ್ರತಿ ಸಲವೂ ವರ್ಕ್‌ಶಾಪಿನ ರಸೀದಿ ಜೋಪಾನವಾಗಿರಬೇಕು. ಸೆಕೆಂಡ್ ಹ್ಯಾಂಡ್ ಕೊಂಡವನ ಪಾಡು ಇನ್ನೂ ಸೊಗಸು. ಎರಡು ವರ್ಷ ಹಳೆಯ ರ‍್ಯಾಮ್ ಪಿಕಪ್ ಒಂದರ ಮೊಕದ್ದಮೆಯಲ್ಲಿ, ತಯಾರಕರ ವಾರಂಟಿ ಉಳಿದಿದ್ದರೂ ಅದು ‘ಹೊಸ ವಾಹನ’ವಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಹೀಗಾಗಿ ಆ ರಾಜ್ಯದಲ್ಲಿ ವಾರಂಟಿ ಗಾಡಿಯೊಂದಿಗೆ ಕೈಬದಲಾಗುತ್ತದೆ. ಹೊಸ ಗಾಡಿಗೋ ಪೂರ್ತಿ ಹಣಕ್ಕೋ ಪಟ್ಟು ಹಿಡಿಯುವ ಹಕ್ಕು ಮಾತ್ರ ಮೊದಲ ಮಾಲೀಕನ ಮನೆಯಲ್ಲೇ ಉಳಿಯುತ್ತದೆ.

ಉಳಿದದ್ದು 1975ರ ಕೇಂದ್ರ ವಾರಂಟಿ ಕಾಯ್ದೆ. ಅದರಡಿ ಗೆದ್ದರೆ ವಕೀಲರ ಶುಲ್ಕವನ್ನು ಕಂಪನಿಯಿಂದಲೇ ಕೊಡಿಸಲು ಕೋರ್ಟಿಗೆ ಅಧಿಕಾರವಿರುವುದರಿಂದ, ಈ ವ್ಯವಹಾರದಲ್ಲಿ ಎಂಜಿನ್ ಕೈಕೊಡದೆ ಓಡುವವರು ವಕೀಲರೊಬ್ಬರೇ. ತೀರ್ಪು ಬರುವವರೆಗೆ ಮಾಲೀಕನು ದಿನಾ ಬೆಳಗ್ಗೆ ಬಾನೆಟ್ ಎತ್ತಿ, ಮುಚ್ಚಳದ ಮೇಲಿನ 40ನ್ನು ಭಕ್ತಿಯಿಂದ ಓದಿಕೊಂಡು, ಹೆದ್ದಾರಿಯ ಅಂಚಿನ ಲೇನ್ ಹಿಡಿಯಬಹುದು.