ಅದೇ ಕಂತಿಗೆ ಹೊಸ ಕಾರು: ಕಾಗದದಲ್ಲಿ ಬರೆಯದ ಅಂಕಿ

ಹಳೆ ಕಾರು ಕೊಟ್ಟು ಹೊಸದು ಕೊಳ್ಳಿ ಎಂದು ಕಾರ್ ಡೀಲರ್‌ಗಳು ಕಳಿಸುವ ಎಕ್ಸ್‌ಚೇಂಜ್ ಕಾಗದಗಳನ್ನು ಓದಿದಷ್ಟೂ ಮೈ ಉರಿಯುತ್ತದೆ. "ನಿಮ್ಮ ಕಾರಿಗೆ ಈಗ ಭಾರಿ ಬೇಡಿಕೆ ಇದೆ. ಈಗ ಕಟ್ಟುತ್ತಿರುವ ಕಂತಿನಲ್ಲೇ ಹೊಸ ಕಾರು ಮನೆಗೆ ತನ್ನಿ. ಶನಿವಾರದವರೆಗೆ ಮಾತ್ರ." ಮಾಲೀಕರ ಹೆಸರು, ಕಾರಿನ ಮಾಡೆಲ್, ಕೊಂಡ ವರ್ಷ ಎಲ್ಲವೂ ಸರಿಯಾಗಿ ಅಚ್ಚಾಗಿರುತ್ತವೆ. ಆ ಕಂತನ್ನು ಇನ್ನು ಎಷ್ಟು ತಿಂಗಳು ಕಟ್ಟಬೇಕು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ. ನನ್ನ ಜಗಳವೆಲ್ಲ ಆ ಒಂದು ಅಂಕಿಯದ್ದು.

ಲೆಕ್ಕ ಹಾಕಿಯೇ ನೋಡೋಣ. ಯಾವ ದೇಶದ ದುಡ್ಡಾದರೂ ಸರಿ, ಮೂಲ ಸಾಲ 100 ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇಕಡಾ 9 ಬಡ್ಡಿ, ಅವಧಿ 60 ತಿಂಗಳು. ಕಂತು ಸುಮಾರು 2.08 ಬರುತ್ತದೆ. 36 ಕಂತು ಕಟ್ಟಿ ಮುಗಿದಾಗ ಬಾಕಿ ಅಸಲು ಸುಮಾರು 45.4. ಇನ್ನು 24 ಕಂತು, ಅಂದರೆ ಒಟ್ಟು 49.8 ಕಟ್ಟಿದರೆ ಸಾಲ ತೀರಿತು, ಕಾರು ಪೂರ್ತಿ ನಿಮ್ಮದು. ಸರಿಯಾಗಿ ಈ ಹೊತ್ತಿಗೆ ಕಾಗದ ಬರುತ್ತದೆ. ಕಂತು ಅದೇ 2.08, ಆದರೆ ಅವಧಿ 84 ತಿಂಗಳು. ಅದೇ ಬಡ್ಡಿಯಲ್ಲಿ 84 ತಿಂಗಳ 2.08 ಅಂದರೆ ಸುಮಾರು 129ರಷ್ಟು ಹೊಸ ಸಾಲ. ಮುಂದೆ ನಿಮ್ಮ ಜೇಬಿನಿಂದ ಹೋಗಬೇಕಾದ ಮೊತ್ತ 49.8 ಇದ್ದದ್ದು 174.4 ಆಯಿತು. "ಕಂತು ಒಂದಿಷ್ಟೂ ಹೆಚ್ಚಾಗಿಲ್ಲ" ಅನ್ನುವುದು ನಿಜ. ಅಕ್ಷರಶಃ ನಿಜವಾದ ಮಾತಿನಲ್ಲೇ ಜನರನ್ನು ಹೀಗೆ ಸಾಲಕ್ಕೆ ತಳ್ಳಬಹುದಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ಈ ಕಾಗದ ಯಾರಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಸಾಮಾನ್ಯವಾಗಿ ಒಂದು ಸಾಫ್ಟ್‌ವೇರ್. ಮಾರಾಟದ ದಾಖಲೆಯಲ್ಲಿ ಸಾಲದ ಮೊತ್ತ, ಬಡ್ಡಿ ದರ, ಶುರುವಾದ ದಿನಾಂಕ ಇರುತ್ತವೆ. ಸರ್ವಿಸ್ ದಾಖಲೆಯಲ್ಲಿ ಕಳೆದ ಸಲ ಗಾಡಿ ಬಂದಾಗ ಓಡೋಮೀಟರ್ ಎಷ್ಟು ತೋರಿಸುತ್ತಿತ್ತು ಎಂದಿರುತ್ತದೆ. ಎರಡನ್ನೂ ಕೂಡಿಸಿ ಬಾಕಿ ಸಾಲವನ್ನು ಅಂದಾಜು ಮಾಡಿ, ಆ ಮಾಡೆಲ್ ಹರಾಜಿನಲ್ಲಿ ಎಷ್ಟಕ್ಕೆ ಹೋಗುತ್ತಿದೆ ಅನ್ನುವುದರ ಜೊತೆ ಹೋಲಿಸುತ್ತದೆ. ಯಾರನ್ನು ಈಗಿನ ಕಂತಿನ ಆಸುಪಾಸಿನಲ್ಲೇ ಹೊಸ ಸಾಲಕ್ಕೆ ದಾಟಿಸಬಹುದೋ ಅವರ ಪಟ್ಟಿ ಹೊರಬರುತ್ತದೆ. ವಾರಂಟಿ ಮುಗಿಯುವ ಹೊತ್ತು, ನಾಲ್ಕೂ ಟೈರ್ ಬದಲಿಸುವ ಹೊತ್ತು, ದೊಡ್ಡ ಸರ್ವಿಸ್ ಹತ್ತಿರ ಬಂದ ಹೊತ್ತು ಇದಕ್ಕೆ ಅಚ್ಚುಮೆಚ್ಚು. ಆಯಿಲ್ ಬದಲಿಸಲು ನೀವು ಅಪಾಯಿಂಟ್‌ಮೆಂಟ್ ತೆಗೆದುಕೊಂಡರೆ, ಎಷ್ಟೋ ಕಡೆ ನೀವು ಹೋಗುವ ಮೊದಲೇ ನಿಮ್ಮ ಹೆಸರು ಮಾರಾಟ ವಿಭಾಗದ ಮೇಜಿನ ಮೇಲಿರುತ್ತದೆ. ಇಷ್ಟಾದರೂ ನಿಮ್ಮ ಕಾರನ್ನು ಆ ಮಾರಾಟದವರಲ್ಲಿ ಒಬ್ಬರೂ ನೋಡಿಲ್ಲ. ಬಂಪರ್ ಒಡೆದಿದೆಯೋ, ಡಿಕ್ಕಿ ಹೊಡೆದು ರಿಪೇರಿಯಾಗಿದೆಯೋ ಗೊತ್ತಿಲ್ಲದೆಯೇ "ಇಷ್ಟರವರೆಗೆ ಕೊಡುತ್ತೇವೆ" ಎಂದು ಬರೆಯುತ್ತಾರೆ. ಆ "ವರೆಗೆ" ಅನ್ನುವುದು ಇಡೀ ಕಾಗದವನ್ನು ಕಾಪಾಡುತ್ತದೆ.

ಲಕೋಟೆಯ ವೇಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಂಕಿನದ್ದು ಎಂದು ಭ್ರಮೆ ಹುಟ್ಟಿಸುವ ಕಿಟಕಿ ಲಕೋಟೆ, ಕೆಂಪಕ್ಷರದ ಅಂತಿಮ ಸೂಚನೆ, ನಗದು ಮಾಡಲಾಗದ ಚೆಕ್ಕು, ಕೆರೆದು ನೋಡುವ ಬಹುಮಾನದ ಚೀಟಿ, ಎಲ್ಲ ಹಳೆಯ ಆಟ. ಆದರೆ ಒಂದು ವೇಷ ಅಪಾಯಕಾರಿ. ಸುರಕ್ಷತೆಯ ರೀಕಾಲ್ ನೋಟಿಸಿನ, ಅಂದರೆ ದೋಷವಿರುವ ಕಾರನ್ನು ಸರಿಪಡಿಸಲು ಕಂಪನಿಯೇ ವಾಪಸ್ ಕರೆಸುವ ಸೂಚನೆಯ, ಹಾಗೆ ಕಾಣುವ ಕಾಗದ. ನಿಜವಾದ ರೀಕಾಲ್ ಆದರೆ ಯಾವ ಭಾಗದಲ್ಲಿ ಏನು ದೋಷ, ಅದರಿಂದ ಏನಾಗಬಹುದು, ಪರಿಹಾರವೇನು ಎಂದು ಬರೆದಿರುತ್ತದೆ. ಎಕ್ಸ್‌ಚೇಂಜ್ ಅನ್ನುವ ಮಾತು ಅದರಲ್ಲಿ ಬರುವುದಿಲ್ಲ. ಅನುಮಾನ ಬಂದರೆ ಕಾಗದದಲ್ಲಿರುವ ಫೋನ್ ನಂಬರಿಗೆ ಕರೆ ಮಾಡಬೇಡಿ. ನಿಮ್ಮ 17 ಅಕ್ಷರಗಳ ಷಾಸಿ ನಂಬರನ್ನು ಕಾರು ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲಿ ಎಂದು. ಇಂಥ ಮೋಸದ ಲಕೋಟೆ ನೋಡಿ ನೋಡಿ ಬೇಸತ್ತವರು ನಾಳೆ ನಿಜವಾದ ಏರ್‌ಬ್ಯಾಗ್ ರೀಕಾಲ್ ನೋಟಿಸನ್ನೂ ಕಸಕ್ಕೆ ಹಾಕಿದರೆ ಅದಕ್ಕೆ ಯಾರು ಹೊಣೆ?

ಮತ್ತೆ ಅದೇ ಅಂಕಿಗೆ ಬರುತ್ತೇನೆ. ಕಂತನ್ನೇ ಮುಂದೆ ಹಿಡಿಯುವುದು ಯಾಕೆಂದರೆ ಅದರ ಹಿಂದೆ ಮೂರು ಬೇರೆ ಬೇರೆ ವ್ಯಾಪಾರಗಳನ್ನು ಅಡಗಿಸಬಹುದು. ಹೊಸ ಕಾರಿನ ಬೆಲೆ, ಹಳೆಯದರ ಬೆಲೆ, ಸಾಲ. ಮೂರನ್ನೂ ಒಂದೇ ಗಂಟು ಕಟ್ಟಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಸಲೀಸು. ಹಳೆ ಕಾರಿಗೆ ಮಾರುಕಟ್ಟೆಗಿಂತ 5 ಹೆಚ್ಚು ಕೊಟ್ಟಂತೆ ತೋರಿಸಿ ಹೊಸದರ ರಿಯಾಯಿತಿಯಲ್ಲಿ 5 ಕಡಿಮೆ ಮಾಡಿದರೆ ಡೀಲರ್‌ಗೆ ಏನೂ ನಷ್ಟವಿಲ್ಲ, ಕೊಟ್ಟವರಿಗೆ ಮಾತ್ರ ಗೆದ್ದೆವು ಅನ್ನುವ ಸಮಾಧಾನ. "ಎಕ್ಸ್‌ಚೇಂಜ್ ಬೋನಸ್" ಕೂಡ ಹೀಗೇ. ಹಳೆ ಕಾರು ಕೊಡದಿದ್ದರೂ ಅಷ್ಟೇ ಮೊತ್ತ ನಗದು ರಿಯಾಯಿತಿಯಾಗಿ ಸಿಗುತ್ತದೆಯೋ ಎಂದು ಕೇಳಿ. ಹಳೆ ಕಾರು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು, ಎರಡು ಕೊಟೇಶನ್ ಬರವಣಿಗೆಯಲ್ಲಿ ಪಡೆಯಿರಿ. ಆ ಎರಡರ ನಡುವಿನ ಅಂತರವೇ ನಿಮ್ಮ ಹಳೆ ಕಾರಿಗೆ ಅವರು ನಿಜವಾಗಿ ಕೊಡುತ್ತಿರುವ ಬೆಲೆ. ಕಾಗದದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದು ಬೇರೆಯೇ.

ಹಳೆ ಕಾರಿಗೆ ಬೆಲೆ ಕಟ್ಟುವುದು ಹೇಗೆ ಅನ್ನುವುದು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಅವರು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತಾರೆ. ಈ ಕಾರನ್ನು ಯಾರ್ಡಿನಲ್ಲಿ ಎಷ್ಟಕ್ಕೆ ಮಾರಬಹುದು, ಅದರಲ್ಲಿ ಲಾಭ ಕಳೆ, ರಿಪೇರಿ ಮತ್ತು ಪಾಲಿಶ್ ಕಳೆ, ಮಾರಾಟವಾಗುವ ತನಕ ನಿಲ್ಲಿಸಿಕೊಳ್ಳುವ ಖರ್ಚು ಕಳೆ, ಉಳಿದದ್ದು ನಿಮಗೆ. ಬೇರೆ ಬ್ರ್ಯಾಂಡಿನದ್ದೋ ತೀರಾ ಹಳೆಯದೋ ಆದರೆ ಹರಾಜಿಗೆ ಹೋಗುತ್ತದೆ, ಆಗ ಇನ್ನೂ ಕಡಿಮೆ. ಪರೀಕ್ಷಿಸುವವನ ಕೈಯಲ್ಲಿ ಪೇಂಟ್ ದಪ್ಪ ಅಳೆಯುವ ಮೀಟರ್ ಇರುತ್ತದೆ. ಕಂಪನಿಯ ಪೇಂಟ್ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಒಳಗೆ ಬರುತ್ತದೆ. ಪುಟ್ಟಿ ಹಾಕಿದ ಜಾಗದಲ್ಲಿ ಅದು ಹಲವು ನೂರಕ್ಕೆ, ಕೆಲವೊಮ್ಮೆ 1000 ದಾಟಿ ಹೋಗುತ್ತದೆ. ಬಾನೆಟ್, ಫೆಂಡರ್ ಬೋಲ್ಟುಗಳ ತಲೆಯ ಪೇಂಟ್ ಕಿತ್ತಿದ್ದರೆ ಅವನ್ನು ಬಿಚ್ಚಲಾಗಿದೆ ಎಂದರ್ಥ. ಟೈರಿನ ಪಕ್ಕದ ನಾಲ್ಕಂಕಿ ನೋಡುತ್ತಾರೆ, 2321 ಎಂದಿದ್ದರೆ ಅದು 2021ರ 23ನೇ ವಾರದ ಟೈರು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿ ಹಿಂದಿನ ದಿನವೇ ಎರರ್ ಕೋಡ್ ಅಳಿಸಿದ್ದೀರೋ ಎಂದೂ ನೋಡುತ್ತಾರೆ. ಅಳಿಸಿದ್ದರೆ ಕಾರಿನ ಸ್ವಯಂ ಪರೀಕ್ಷೆಗಳು ಪೂರ್ತಿಯಾಗಿಲ್ಲ ಎಂದು ತೋರಿಸುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ಹೇಳುವ ಅಂಕಿ ಮಾತ್ರ ಅಂಕಿ. ಪರೀಕ್ಷೆಗೆ ಮುಂಚೆ ಡೆಂಟ್ ತೆಗೆಸಿ ಪೇಂಟ್ ಮಾಡಿಸಲು ಹೋಗಬೇಡಿ, ಅವರಿಗೆ ಆ ಕೆಲಸ ನಿಮಗಿಂತ ಅಗ್ಗಕ್ಕೆ ಆಗುತ್ತದೆ, ನೀವು ಹಾಕಿದ ಖರ್ಚು ವಾಪಸ್ ಬರುವುದಿಲ್ಲ. ತೊಳೆದು, ಒಳಗೆ ವ್ಯಾಕ್ಯೂಮ್ ಹಾಕಿಸಿ, ಎರಡೂ ಕೀ ಮತ್ತು ಸರ್ವಿಸ್ ದಾಖಲೆ ಜೊತೆಗಿಟ್ಟರೆ ಸಾಕು.

"ಹಳೆ ಸಾಲ ನಾವೇ ತೀರಿಸುತ್ತೇವೆ" ಅನ್ನುವ ಸಾಲು ಇರುತ್ತದಲ್ಲ, ಅದನ್ನು ಓದಿ ನೆಮ್ಮದಿಪಡುವವರನ್ನು ಕಂಡರೆ ಸಂಕಟವಾಗುತ್ತದೆ. ಬ್ಯಾಂಕಿಗೆ ದುಡ್ಡು ಕಟ್ಟುವುದು ಡೀಲರ್ ನಿಜ. ಕಾರಿನ ಬೆಲೆ ಬಾಕಿ ಸಾಲಕ್ಕಿಂತ ಕಡಿಮೆಯಿದ್ದರೆ ಆ ಕೊರತೆ ನಿಮ್ಮ ಹೊಸ ಸಾಲದ ತಲೆ ಮೇಲೆ ಕೂರುತ್ತದೆ. ಮೇಲಿನ ಲೆಕ್ಕಕ್ಕೇ ಬನ್ನಿ. ಮೂರು ವರ್ಷದ ಮೇಲೆ ಕಾರಿಗೆ 55 ಬರುತ್ತದೆ ಎನ್ನೋಣ. 60 ತಿಂಗಳ ಸಾಲದವರಿಗೆ ಬಾಕಿ 45.4, ಕೈಗೆ 9.6 ಉಳಿಯುತ್ತದೆ. ಅದೇ 100ನ್ನು ಅದೇ ಬಡ್ಡಿಗೆ 84 ತಿಂಗಳಿಗೆ ತೆಗೆದುಕೊಂಡವರ ಬಾಕಿ ಸುಮಾರು 64.7, ಅವರಿಗೆ 9.7 ಕೊರತೆ. ಅದೇ ಕಾರು, ಅದೇ ಬೆಲೆ, ಬದಲಾದದ್ದು ಅವಧಿ ಒಂದೇ. ಅಂದರೆ ಮೊದಲ ಕಾಗದವನ್ನು ನಂಬಿ ಉದ್ದನೆಯ ಸಾಲಕ್ಕೆ ದಾಟಿದವರು ಮೂರು ವರ್ಷದ ಮೇಲೆ ಎರಡನೇ ಕಾಗದ ಬರುವ ಹೊತ್ತಿಗೆ ಕೊರತೆಯಲ್ಲಿರುತ್ತಾರೆ. ಆಗ ಆ ಕೊರತೆಯೂ ಮುಂದಿನ ಸಾಲಕ್ಕೆ ಸೇರುತ್ತದೆ. ನಡುವೆ ಅಪಘಾತವಾಗಿ ಕಾರು ಪೂರ್ತಿ ಹೋದರೆ ಸಾಮಾನ್ಯ ವಿಮೆ ಕೊಡುವುದು ಕಾರಿನ ಬೆಲೆಯನ್ನು, ಸಾಲದ ಬಾಕಿಯನ್ನಲ್ಲ. ಇಲ್ಲದ ಕಾರಿಗೆ ಕಂತು ಕಟ್ಟುತ್ತಾ ಕೂರಬೇಕು.

"ಎಲ್ಲ ಕಾಗದವೂ ಸುಳ್ಳಲ್ಲ, 2021ರಲ್ಲಿ ನಿಜವಾಗಿಯೂ ಒಳ್ಳೆ ಬೆಲೆ ಸಿಕ್ಕಿತ್ತು" ಅನ್ನುವವರಿದ್ದಾರೆ. ಹೌದು. ಕಂಪ್ಯೂಟರ್ ಚಿಪ್ ಕೊರತೆಯಿಂದ ಹೊಸ ಕಾರುಗಳ ಉತ್ಪಾದನೆ ಕುಗ್ಗಿ, ಹಲವು ದೇಶಗಳಲ್ಲಿ ಬಳಸಿದ ಕಾರುಗಳ ಬೆಲೆ ಏರಿತ್ತು. ಆದರೆ ಆಗಲೂ ಹಳೆಯದನ್ನು ಮಾರಿ ಲಾಭ ಮಾಡಿದವರು ಹೊಸದನ್ನು ಏರಿದ ಬೆಲೆಗೇ ಕೊಳ್ಳಬೇಕಾಯಿತು, ಕಾರಿಲ್ಲದೆ ಬದುಕಬಲ್ಲವರಿಗೆ ಮಾತ್ರ ಆ ಲಾಭ ದಕ್ಕಿತು. ಆ ಕಾಲದಲ್ಲಿ ನಿಜವಾಗಿದ್ದ ವಾಕ್ಯವನ್ನು ಈಗಲೂ ಕಳಿಸುತ್ತಿದ್ದಾರೆ. ಇನ್ನು ಕೆಲವರು "ಬೇಡವಾದರೆ ಹರಿದು ಬಿಸಾಡಿ, ಅದಕ್ಕೇಕೆ ಇಷ್ಟು ಸಿಟ್ಟು" ಅನ್ನುತ್ತಾರೆ. ಲೆಕ್ಕ ಬಂದವರು ಬಿಸಾಡುತ್ತಾರೆ. ಶನಿವಾರದ ಗಡುವು ನೋಡಿ ಗಾಬರಿಯಾಗಿ ಶೋರೂಮಿಗೆ ಹೋಗುವವರು ಬೇರೆಯವರು, ಆ ಗಡುವು ಇಟ್ಟಿರುವುದೇ ಅವರಿಗಾಗಿ.

ಇದಕ್ಕಿಂತ ನೋವಾಗುವುದು ಒಳ್ಳೆ ಸ್ಥಿತಿಯ ಕಾರುಗಳು ಹೀಗೆ ಕೈಬಿಟ್ಟು ಹೋಗುವುದನ್ನು ನೋಡಿದಾಗ. ಕಾರಿನ ಬೆಲೆ ಅತಿ ಹೆಚ್ಚು ಇಳಿಯುವುದು ಮೊದಲ ವರ್ಷಗಳಲ್ಲಿ. ಆ ಇಳಿತದ ಹೊರೆ ನೀವು ಹೊತ್ತಾಗಿದೆ, ಇನ್ನು ಕಡಿಮೆ ಖರ್ಚಿನ ವರ್ಷಗಳು ಶುರುವಾಗಬೇಕು, ಆಗಲೇ ಕಾಗದ. ಸರ್ವಿಸ್ ಕೌಂಟರಿನಲ್ಲಿ ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರು, ಸಸ್ಪೆನ್ಷನ್ ಬುಷ್ ಎಲ್ಲ ಸೇರಿಸಿ ಎಸ್ಟಿಮೇಟ್ ಕೊಟ್ಟು "ಇಷ್ಟು ಸುರಿಯುವ ಬದಲು" ಎಂದು ಶುರುಮಾಡುತ್ತಾರೆ. ಇವೆಲ್ಲ ಸವೆಯಲೆಂದೇ ಇರುವ ಭಾಗಗಳು, ಹೊಸ ಕಾರಿನಲ್ಲೂ ಸವೆಯುತ್ತವೆ. ಎಸ್ಟಿಮೇಟನ್ನು ಕಂತಿನಿಂದ ಭಾಗಿಸಿ ನೋಡಿ. ಮೇಲಿನ ಲೆಕ್ಕದಲ್ಲಿ 5ರ ರಿಪೇರಿ ಅಂದರೆ ಎರಡೂವರೆ ಕಂತಿಗೂ ಕಡಿಮೆ, ಅವರು ಕೇಳುತ್ತಿರುವುದು 60 ಹೆಚ್ಚುವರಿ ಕಂತು. ಷಾಸಿಯ ಭಾರ ಹೊರುವ ಭಾಗಕ್ಕೆ ತುಕ್ಕು ಹಿಡಿದಿದ್ದರೆ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಿದ್ದರೆ, ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಪದೇ ಪದೇ ಹೋಗುತ್ತಿದ್ದರೆ, ವೈರಿಂಗ್ ತನಕ ನೀರು ನುಗ್ಗಿದ್ದರೆ ಆಗ ಕಾರು ಬಿಡುವ ಯೋಚನೆ ಮಾಡಿ. ಅದಕ್ಕೂ ಕಾಗದ ಬೇಕಿಲ್ಲ.

ನಿಜವಾಗಿಯೂ ಬದಲಿಸಬೇಕೆಂದಿದ್ದರೆ ಮೊದಲು ಸಾಲ ಕೊಟ್ಟವರಿಂದ ಬಾಕಿ ಪೂರ್ತಿ ತೀರಿಸುವ ಲಿಖಿತ ಲೆಕ್ಕ ತನ್ನಿ. ಅದು ಯಾವ ದಿನಾಂಕದವರೆಗೆ ಚಾಲ್ತಿ, ಮುಂಚೆ ತೀರಿಸುವುದಕ್ಕೆ ಶುಲ್ಕವಿದೆಯೋ ನೋಡಿ. ಆಮೇಲೆ ಬಳಸಿದ ಕಾರು ಕೊಳ್ಳುವ ಮೂರು ಕಡೆ ಒಂದೇ ವಾರದೊಳಗೆ ಲಿಖಿತ ಬೆಲೆ ಪಡೆಯಿರಿ. ಹೊಸ ಕಾರಿನ ಬೆಲೆಯನ್ನು, ಎಲ್ಲ ಶುಲ್ಕ ಸೇರಿಸಿ, ಹಳೆಯದರ ಸುದ್ದಿ ಎತ್ತದೆ ಮುಗಿಸಿ. ಸಾಲದ ದರವನ್ನು ಹೊರಗೊಂದು ಬ್ಯಾಂಕಿನಲ್ಲಿ ವಿಚಾರಿಸಿಕೊಂಡಿರಿ. "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ" ಅನ್ನುವ ಪ್ರಶ್ನೆಗೆ ಉತ್ತರ ಕೊಡಲೇಬೇಡಿ. ಆ ಉತ್ತರ ಸಿಕ್ಕರೆ ಅವಧಿ ಎಳೆದು ಯಾವ ಬೆಲೆಯನ್ನಾದರೂ ಅದರೊಳಗೆ ಕೂರಿಸುತ್ತಾರೆ.

ಕಾರು ಬಿಟ್ಟುಕೊಡುವ ದಿನ ದಿನಾಂಕ, ಸಮಯ, ಓಡೋಮೀಟರ್ ಬರೆದ ರಸೀದಿ ಬೇಕೇ ಬೇಕು. ಮಾಲೀಕತ್ವ ವರ್ಗಾವಣೆಯ ಕಾಗದ ಕೈಗೆ ಬರುವ ತನಕ ಬೆನ್ನು ಬಿಡಬೇಡಿ, ನಾಳೆ ದಂಡ ಬಂದರೂ ಅಪಘಾತವಾದರೂ ಹುಡುಕಿಕೊಂಡು ಬರುವುದು ನಿಮ್ಮನ್ನೇ. ಸಾಲ ತೀರಿದ ಪತ್ರ ಬರುವವರೆಗೆ ಹಳೆ ಕಂತನ್ನು ನಿಲ್ಲಿಸಬೇಡಿ, ಡೀಲರ್ ದುಡ್ಡು ಕಟ್ಟಲು ತಡಮಾಡಿದರೆ ಕಂತು ತಪ್ಪಿದ ಕಲೆ ನಿಮ್ಮ ಹೆಸರಿಗೆ ಹತ್ತುತ್ತದೆ. ಹೆಚ್ಚುವರಿ ವಾರಂಟಿ ಕೊಂಡಿದ್ದರೆ ಬಳಸದ ಅವಧಿಯ ಹಣ ವಾಪಸ್ ಬರುತ್ತದೆಯೋ ಕೇಳಿ. ಸ್ಟೀರಿಯೋದಲ್ಲಿ ಉಳಿದಿರುವ ಫೋನ್ ಬುಕ್ಕು, ಮನೆ ವಿಳಾಸ ಅಳಿಸಿ. ಮೊಬೈಲ್ ಆ್ಯಪ್‌ನಿಂದ ಕಾರನ್ನು ತೆಗೆದುಹಾಕಿ.

ಕಾರು ಇಟ್ಟುಕೊಳ್ಳುತ್ತೀರಾದರೆ ಮುಂದಿನ ಸಲ ಸರ್ವಿಸಿಗೆ ಕೊಡುವಾಗ ಜಾಬ್ ಕಾರ್ಡಿನ ಕೆಳಗೆ ಸಣ್ಣಕ್ಷರದಲ್ಲಿ "ನನ್ನ ಮಾಹಿತಿಯನ್ನು ಪ್ರಚಾರಕ್ಕೆ ಬಳಸಬಹುದು" ಎಂದಿದೆಯೋ ನೋಡಿ, ಇದ್ದರೆ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿ, ನಕಲು ಇಟ್ಟುಕೊಳ್ಳಿ. ಕಂಪನಿಯ ಆ್ಯಪ್‌ನಲ್ಲೂ ಅದೇ ಒಪ್ಪಿಗೆಯ ಗುಂಡಿ ಇದ್ದರೆ ಅದನ್ನೂ ಆಫ್ ಮಾಡಿ. ರೀಕಾಲ್ ಸೂಚನೆಯದ್ದು ಬೇರೆಯಿದ್ದರೆ ಅದನ್ನು ಮಾತ್ರ ಮುಟ್ಟಬೇಡಿ.