ಆ ಕ್ಯಾತಿಟರ್ ಇನ್ನೂ ಬೇಕಾ?

ಮೂತ್ರದ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ‘ಪ್ರೋಟಿಯಸ್ ಮಿರಾಬಿಲಿಸ್’ ಅನ್ನೋ ಬ್ಯಾಕ್ಟೀರಿಯಾ ಹೆಸರು ಬಂದರೆ ಮನೆಯವರು ಮೊದಲು ಕೇಳುವುದು ‘ಯಾವ ಆಂಟಿಬಯಾಟಿಕ್ ಕೊಡ್ತೀರಿ?’ ಅಂತ. ರೋಗಿಗೆ ಕ್ಯಾತಿಟರ್, ಅಂದರೆ ಮೂತ್ರ ಹೊರಗೆ ಹರಿಸುವ ನಳಿಗೆ, ಹಾಕಿದ್ದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಆ ನಳಿಗೆ ಇನ್ನೂ ಬೇಕಾ?

ಪ್ರೋಟಿಯಸ್ ಹೊಸ ಶತ್ರುವೇನಲ್ಲ. ಜರ್ಮನಿಯ ಗುಸ್ತಾವ್ ಹೌಸರ್ 1885ರಲ್ಲೇ ಇದನ್ನು ವಿವರಿಸಿದ್ದರು. ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಕರುಳಲ್ಲಿ, ಮಣ್ಣಲ್ಲಿ, ಕೊಳಚೆ ನೀರಲ್ಲಿ ಇರುತ್ತದೆ. ಲ್ಯಾಬ್‌ನವರಿಗೆ ಇದರ ಮೇಲೆ ಸ್ವಲ್ಪ ಸಿಟ್ಟು ಜಾಸ್ತಿ. ಕಲ್ಚರ್ ತಟ್ಟೆಯಲ್ಲಿ ಒಂದು ಕಡೆ ಬೆಳೆದು ಸುಮ್ನೆ ಕೂರುವುದಿಲ್ಲ. ಉದ್ದಕ್ಕೆ ಬೆಳೆದು, ಮೈತುಂಬಾ ಬಾಲ ಮೂಡಿಸಿಕೊಂಡು, ಗುಂಪಾಗಿ ಹರಿದು, ಉಂಗುರ ಉಂಗುರವಾಗಿ ಇಡೀ ತಟ್ಟೆ ಆವರಿಸುತ್ತದೆ. ಕ್ಯಾತಿಟರ್ ಮೇಲೂ ಹೀಗೇ ಹರಿಯಬಲ್ಲದು.

ನಿಜವಾದ ಕಿತಾಪತಿ ಆಮೇಲೆ ಶುರುವಾಗುತ್ತದೆ. ಇದರ ಹತ್ತಿರ ಯೂರಿಯೇಸ್ ಅನ್ನೋ ಕಿಣ್ವ ಇದೆ. ಅದು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗುತ್ತದೆ. ಕರಗಿದ್ದ ಮೆಗ್ನೀಸಿಯಂ, ಫಾಸ್ಫೇಟ್ ಹರಳುಗಟ್ಟುತ್ತವೆ. ನಳಿಗೆಯೊಳಗೆ ಆ ಹರಳು ಕೂತರೆ ದಾರಿ ಕಟ್ಟಿಕೊಳ್ಳುತ್ತದೆ. ಮೂತ್ರ ಪಕ್ಕದಿಂದ ಸೋರುತ್ತದೆ, ಇಲ್ಲವೇ ಹಿಂದಕ್ಕೆ ಕಿಡ್ನಿ ಕಡೆ ಒತ್ತುತ್ತದೆ. ಸೋಂಕು ರಕ್ತಕ್ಕೆ ಹೋದರೆ ಜೀವಕ್ಕೇ ಅಪಾಯ. ಕಿಡ್ನಿಯಲ್ಲೇ ಕಲ್ಲು ಕಟ್ಟಿದರೆ ಅದು ಜಿಂಕೆ ಕೊಂಬಿನಂತೆ ಕವಲೊಡೆದು ಬೆಳೆಯಬಹುದು. ಬ್ಯಾಕ್ಟೀರಿಯಾ ಕಲ್ಲಿನೊಳಗೇ ಇರುವುದರಿಂದ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಒಂದು ಚೂರು ಉಳಿದರೂ ಮತ್ತೆ ಬೆಳೆಯಬಹುದು.

ಅದಕ್ಕೇ ನಳಿಗೆಯನ್ನು ಹಾಗೇ ಬಿಟ್ಟು ಮಾತ್ರೆ ಮೇಲೆ ಮಾತ್ರೆ ಬದಲಿಸುವುದು ನೋಡಿದರೆ ನನಗೆ ತಲೆ ಕೆಡುತ್ತದೆ. ಮೂತ್ರದ ಸೋಂಕಿಗೆ ಮಾಮೂಲಿಯಾಗಿ ಬರೆಯುವ ನೈಟ್ರೋಫ್ಯುರಾಂಟೋಯಿನ್ ಪ್ರೋಟಿಯಸ್‌ಗೆ ನಾಟುವುದೇ ಇಲ್ಲ. ಆ ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಇದಕ್ಕೆ ಹುಟ್ಟಿನಿಂದಲೇ ಇದೆ.

ಕ್ಯಾತಿಟರ್ ಇದ್ದಷ್ಟು ದಿನವೂ, ದಿನಕ್ಕೆ ಶೇ. 3ರಿಂದ 7ರಷ್ಟು ಮಂದಿಯ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಿಗೂ. ಹಾಗಂತ ರಿಪೋರ್ಟ್‌ನಲ್ಲಿ ಬಂದದ್ದೆಲ್ಲ ಕಾಯಿಲೆ ಅಲ್ಲ. ಜ್ವರ, ಚಳಿ, ನೋವು ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಇದ್ದರೆ ತಡ ಮಾಡಲೇಬಾರದು.

ಕೆಲವರಿಗೆ ಕ್ಯಾತಿಟರ್ ಬೇಕೇ ಬೇಕು, ಒಪ್ಪುತ್ತೇನೆ. ನೀವೇ ಎಳೆದು ತೆಗೆಯೋ ಸಾಹಸ ಮಾತ್ರ ಬೇಡ! ಆದರೆ ಆರೈಕೆಗೆ ಸುಲಭ ಅಂತ ಬಿಟ್ಟಿದ್ದರೆ ಅದು ಕಾರಣವೇ ಅಲ್ಲ. ಸೋಂಕಾದಾಗ ನಳಿಗೆ ಎರಡು ವಾರಕ್ಕಿಂತ ಹಳೆಯದಾಗಿದ್ದು, ಇನ್ನೂ ಅಗತ್ಯವಿದ್ದರೆ, ಬದಲಿಸಿ ಹೊಸದರಿಂದಲೇ ಕಲ್ಚರ್‌ಗೆ ಮೂತ್ರ ತೆಗೆಯಬೇಕು. ಹಳೆಯದರಿಂದ ತೆಗೆದರೆ ನಳಿಗೆಗೆ ಅಂಟಿಕೊಂಡದ್ದೂ ರಿಪೋರ್ಟ್‌ಗೆ ಬಂದುಬಿಡುತ್ತದೆ.